ಅಭಿಪ್ರಾಯ ಕೇಳಬೇಡಿ, ಕಂಡದ್ದು ಕೇಳಿ: ಮನೆಯ ಹಿರಿಯರ ಜೊತೆ ಜಾತಿ, ಮೀಸಲಾತಿ, ಪಾಲಿನ ಮಾತು

ನಮ್ಮ ಮನೆಯಲ್ಲಿ ಮೀಸಲಾತಿಯ ಬಗ್ಗೆ ನಾನು ಮೊದಲು ಬಾಯಿ ತೆರೆದದ್ದು ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ. ಆಗ ನನಗೆ ಇಪ್ಪತ್ತೆರಡು. ಪಕ್ಕದ ಎಲೆಯಲ್ಲಿದ್ದ ದೊಡ್ಡಪ್ಪ "ಎಲ್ಲಾ ಅವರಿಗೇ ಕೊಟ್ಟುಬಿಟ್ಟರೆ ನಮ್ಮ ಹುಡುಗರು ಎಲ್ಲಿಗೆ ಹೋಗಬೇಕು" ಅಂದರು. ಆ ತಿಂಗಳು ಓದಿದ್ದನ್ನೆಲ್ಲ ನಾನು ಒಂದೇ ಉಸಿರಿಗೆ ಅವರ ಮೇಲೆ ಸುರಿದೆ. ಮಜ್ಜಿಗೆ ಬರುವ ಮೊದಲೇ ದೊಡ್ಡಪ್ಪ ಎದ್ದುಬಿಟ್ಟರು. ಮಜ್ಜಿಗೆಗೆ ಮುಂಚೆ ಪಂಕ್ತಿ ಬಿಟ್ಟು ಏಳುವುದು ಅಂದರೆ ಏನು ಅಂತ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಎರಡು ವರ್ಷ ನಮ್ಮಿಬ್ಬರ ನಡುವೆ ಮಳೆ ಬೆಳೆ ಬಿಟ್ಟರೆ ಬೇರೆ ಮಾತೇ ಇರಲಿಲ್ಲ.

ಆಮೇಲೆ ಎಷ್ಟೋ ಸಲ ಎಡವಿ, ಒಂದೆರಡು ಸಲ ಸರಿಯಾಗಿ ನಡೆದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಿರಿಯರ ಅಭಿಪ್ರಾಯ ಕೇಳಿದರೆ ಟಿವಿಯಲ್ಲಿ ಬಂದದ್ದೇ ವಾಪಸ್ಸು ಬರುತ್ತದೆ. ಅವರು ಕಣ್ಣಾರೆ ಕಂಡದ್ದನ್ನು ಕೇಳಿದರೆ ಅವರೇ ಮರೆತಿದ್ದ ಏನೋ ಹೊರಗೆ ಬರುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಇದರ ಸುತ್ತಲೇ ಇವೆ.

ಹೆಜ್ಜೆ 1: ದೊಡ್ಡ ಪದ ಬಿಟ್ಟು ಒಂದು ವಸ್ತು ಹಿಡಿಯಿರಿ

"ಸಮಾನತೆ", "ಸಾಮಾಜಿಕ ನ್ಯಾಯ", "ಪಿತೃಪ್ರಭುತ್ವ" ಇವೆಲ್ಲ ಭಾಷಣದ ಪದಗಳು. ಅಡುಗೆಮನೆಯಲ್ಲಿ ಈ ಪದ ಬಂದ ಕೂಡಲೇ ಎದುರಿನವರು ಪರೀಕ್ಷೆಗೆ ಕೂತ ಹಾಗೆ ಬಿಗಿಯಾಗುತ್ತಾರೆ. ಬದಲಿಗೆ ಮನೆಯಲ್ಲಿರುವ ಒಂದು ವಸ್ತುವಿನಿಂದ ಶುರು ಮಾಡಿ. ನನ್ನ ಮಟ್ಟಿಗೆ ಅದು ಒಂದು ಲೋಟ. ಊರಿನ ಮನೆಯ ಹಿಂದಿನ ಜಗಲಿಯಲ್ಲಿ, ತೊಲೆಗೂ ಗೋಡೆಗೂ ನಡುವಿನ ಸಂದಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ ಬೋರಲು ಹಾಕಿರುತ್ತಿತ್ತು. ಒಂದು ಕಡೆ ತಗ್ಗಾಗಿತ್ತು. ಕೂಲಿಗೆ ಬಂದವರು ಅದನ್ನು ತಾವೇ ತೆಗೆದುಕೊಂಡು, ಮೇಲಿನಿಂದ ಹೊಯ್ದ ಕಾಫಿ ಕುಡಿದು, ತಾವೇ ತೊಳೆದು, ಅಲ್ಲೇ ಸಿಕ್ಕಿಸಿ ಹೋಗುತ್ತಿದ್ದರು. ಬೇಸಿಗೆ ರಜೆಗೆ ಹೋದಾಗೆಲ್ಲ ಅದನ್ನು ನೋಡುತ್ತಿದ್ದೆ. ಯಾಕೆ ಒಳಗಿನ ಲೋಟಗಳ ಜೊತೆ ಅದಿಲ್ಲ ಅಂತ ಒಂದು ದಿನವೂ ಕೇಳಿರಲಿಲ್ಲ.

ನಿಮ್ಮ ಮನೆಯಲ್ಲಿ ಅದು ಲೋಟವೇ ಆಗಬೇಕಾಗಿಲ್ಲ. ಕೆಲಸದವರು ಬರುವ ಹಿಂಬಾಗಿಲಾಗಬಹುದು, ಹೆಣ್ಣುಮಕ್ಕಳು ಮಾತ್ರ ಕೊನೆಗೆ ಊಟಕ್ಕೆ ಕೂರುವ ಅಭ್ಯಾಸವಾಗಬಹುದು, ಹಳೆಯ ಮದುವೆ ಫೋಟೋದಲ್ಲಿ ಕಾಣದ ಒಬ್ಬ ಚಿಕ್ಕಮ್ಮ ಆಗಬಹುದು. ಒಂದು ಸಲಕ್ಕೆ ಒಂದೇ ಸಾಕು. ಜಾತಿಯಿಂದ ಶುರುವಾಗಿ ಸೊಸೆಯ ಕೆಲಸಕ್ಕೆ ಹಾರಿ ಅಲ್ಲಿಂದ ಚುನಾವಣೆಗೆ ಹೋದ ಮಾತು ಎಲ್ಲಿಗೂ ಮುಟ್ಟುವುದಿಲ್ಲ.

ಹೆಜ್ಜೆ 2: ಹೊತ್ತು ನೋಡಿ

ಮದುವೆ, ತಿಥಿ, ಹಬ್ಬದ ಊಟ, ಫ್ಯಾಮಿಲಿ ವಾಟ್ಸಾಪ್ ಗ್ರೂಪ್: ಈ ನಾಲ್ಕೂ ಬೇಡವೇ ಬೇಡ. ನಾಲ್ಕು ಜನ ನೋಡುತ್ತಿರುವಾಗ ಯಾರೂ ಮಾತು ಹಿಂತೆಗೆದುಕೊಳ್ಳುವುದಿಲ್ಲ, ನೀವೂ ಅಷ್ಟೇ. ಇಬ್ಬರೇ ಇರಬೇಕು, ಕೈಗೆ ಕೆಲಸವಿರಬೇಕು. ಅವರೆಕಾಳು ಹಿದುಕುವಾಗ, ಬಟ್ಟೆ ಮಡಚುವಾಗ, ಕಾರಿನಲ್ಲಿ ಪಕ್ಕಪಕ್ಕ ಕೂತು ದೂರ ಹೋಗುವಾಗ ಮುಖ ಮುಖ ನೋಡಬೇಕಾದ ಕಷ್ಟವಿರುವುದಿಲ್ಲ.

ಹೆಜ್ಜೆ 3: ಅವರ ವಯಸ್ಸಿನ ಲೆಕ್ಕ ಹಾಕಿ

ಈ ಹೆಜ್ಜೆಗೆ ಸ್ವಲ್ಪ ಸಮಯ ಕೊಡಿ, ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಒಂದು ಹಾಳೆಯ ಮೇಲೆ ಹಿರಿಯರು ಹುಟ್ಟಿದ ವರ್ಷ ಬರೆದು, ಪಕ್ಕದಲ್ಲಿ ನಮ್ಮ ನಾಡಿನಲ್ಲಿ ಕಾನೂನು ಬದಲಾದ ವರ್ಷಗಳನ್ನು ಬರೆಯಿರಿ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅದನ್ನು ಆಚರಿಸಿದರೆ ಶಿಕ್ಷೆ ಅಂತ ಕಾಯ್ದೆ ಬಂದದ್ದು 1955ರಲ್ಲಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ತಂದ ಭೂ ಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ರಾಜ್ಯದ ಹಿಂದುಳಿದ ವರ್ಗಗಳ ಬಗ್ಗೆ ಹಾವನೂರು ಆಯೋಗ ಕೊಟ್ಟ ವರದಿ 1975ರದ್ದು. ಜೀತ ಪದ್ಧತಿ ರದ್ದತಿ ಕಾಯ್ದೆ 1976ರದ್ದು. ಹಿಂದುಳಿದ ವರ್ಗಗಳಿಗೆ ಕೇಂದ್ರದ ನೌಕರಿಯಲ್ಲಿ ಮೀಸಲಾತಿ ಕೊಡಬೇಕು ಅಂದ ಮಂಡಲ್ ವರದಿಯ ಜಾರಿಯನ್ನು ವಿ.ಪಿ. ಸಿಂಗ್ ಸರ್ಕಾರ ಘೋಷಿಸಿದ್ದು 1990ರ ಆಗಸ್ಟ್‌ನಲ್ಲಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಡುವ ಕರ್ನಾಟಕದ ತಿದ್ದುಪಡಿ 1994ರದ್ದು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ.

ಈಗ ಲೆಕ್ಕ ಹಾಕಿ. 1950ರಲ್ಲಿ ಹುಟ್ಟಿದ ಅಜ್ಜಿಗೆ ಜೀತ ರದ್ದಾದಾಗ ಇಪ್ಪತ್ತಾರು ವರ್ಷ. ಜೀತದಾಳು ಅಂದರೆ ಅವರಿಗೆ ಪಾಠದ ಪುಸ್ತಕದ ಪದವಲ್ಲ, ದಿನಾ ಬೆಳಿಗ್ಗೆ ಕೊಟ್ಟಿಗೆಗೆ ಬರುತ್ತಿದ್ದ ಒಬ್ಬ ಮನುಷ್ಯ ಆಗಿರಬಹುದು. 1970ರಲ್ಲಿ ಹುಟ್ಟಿದ ಅಪ್ಪ ಮಂಡಲ್ ಗಲಾಟೆಯ ಹೊತ್ತಿಗೆ ಸರಿಯಾಗಿ ಕಾಲೇಜಿನಲ್ಲಿದ್ದರು, ಯಾವುದೋ ಒಂದು ಕಡೆ ನಿಂತಿದ್ದರು, ಅಥವಾ ತರಗತಿ ನಿಂತು ಹೋದದ್ದಕ್ಕೆ ಬೇಜಾರಾಗಿದ್ದರು.

ನಮ್ಮ ದೊಡ್ಡಪ್ಪನ ಲೆಕ್ಕ ಹಾಕಿದಾಗ ನನಗೇ ನಗು ಬಂತು. 1974ರಲ್ಲಿ ಅವರಿಗೂ ಇಪ್ಪತ್ತೆರಡು. ಆ ವರ್ಷದವರೆಗೆ ನಮ್ಮ ತಾತ ಗೇಣಿದಾರ. ಉತ್ತದ್ದು ಇವರು, ಸುಗ್ಗಿಯಲ್ಲಿ ಅಳೆದು ಒಯ್ಯುತ್ತಿದ್ದದ್ದು ಒಡೆಯರ ಮನೆಯವರು. "ಉಳುವವನೇ ಹೊಲದೊಡೆಯ" ಆದಾಗ ತಾತ ಗೇಣಿ ಭೂಮಿಯ ಒಡೆತನ ಕೇಳುವ ಅರ್ಜಿಯಾದ ಫಾರಂ ನಂಬರ್ 7 ತುಂಬಿ, ಭೂ ನ್ಯಾಯಮಂಡಳಿಗೆ ಅಲೆದು, ಭೂಮಿ ಹೆಸರಿಗೆ ಮಾಡಿಸಿಕೊಂಡರು. ಆ ಫಾರಂ ತುಂಬಿದ ಅಕ್ಷರ ದೊಡ್ಡಪ್ಪನದು, ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದವರು ಅವರೊಬ್ಬರೇ. ಇದನ್ನು ನಾನು ಕೇಳಿ ತಿಳಿದದ್ದು ಗೃಹಪ್ರವೇಶದ ಜಗಳವಾಗಿ ಎರಡು ವರ್ಷದ ಮೇಲೆ. ಮೊದಲೇ ಕೇಳಿದ್ದಿದ್ದರೆ ಅವತ್ತು ಮಜ್ಜಿಗೆ ಅನ್ನ ಇಬ್ಬರಿಗೂ ಸಿಗುತ್ತಿತ್ತು.

ಹೆಜ್ಜೆ 4: ಕಂಡದ್ದನ್ನು ಕೇಳಿ, ಆಮೇಲೆ ಸುಮ್ಮನಿರಿ

"ಅದು ತಪ್ಪಲ್ಲವಾ?" ಅಂತ ಕೇಳಿದರೆ ಬರುವ ಉತ್ತರ "ಆಗ ಹಾಗೇ ಇತ್ತು". ಈ ಮೂರು ಪದ ಒಂದು ಬಾಗಿಲು, ದಡಾರನೆ ಮುಚ್ಚಿಕೊಳ್ಳುತ್ತದೆ. ಆ ಬಾಗಿಲು ತೆರೆಯುವ ಪ್ರಶ್ನೆಗಳು ಚಿಕ್ಕವು, ಪೆದ್ದು ಅನ್ನಿಸುವಂಥವು. ನಿಮ್ಮ ಸ್ಕೂಲಿನಲ್ಲಿ ನೀರು ಯಾರು ಸೇದುತ್ತಿದ್ದರು? ಯಾರು ಎಲ್ಲಿ ಕೂರುತ್ತಿದ್ದರು? ಊರಿನ ಬಾವಿ ಎಷ್ಟಿದ್ದವು? ನಿನ್ನ ಜೊತೆ ಓದುತ್ತಿದ್ದ ಹುಡುಗಿಯರಲ್ಲಿ ಏಳನೇ ಕ್ಲಾಸಿಗೆ ಎಷ್ಟು ಜನ ಉಳಿದರು?

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು: "ಆಗ ಯಾರಾದರೂ 'ಇದು ಬೇಡ' ಅಂದವರು ಇದ್ದರಾ?"

ಅಜ್ಜಿಗೆ ಲೋಟದ ವಿಷಯ ಕೇಳಿದಾಗ ಮೊದಲು ಬಂದದ್ದು ಅದೇ "ಆಗ ಹಾಗೇ ಇತ್ತು ಕಣೋ". ಸ್ವಲ್ಪ ಹೊತ್ತು ಬಿಟ್ಟು "ಅಜ್ಜಿ, ಯಾರೂ ಬೇಡ ಅನ್ನಲಿಲ್ವಾ?" ಅಂದೆ. ಅಜ್ಜಿಯ ಕೈ ನಿಂತಿತು. "ನಿಮ್ಮ ತಾತನ ತಂಗಿ ಒಂದಿನ ಒಳಗಿನ ಹಿತ್ತಾಳೆ ಲೋಟದಲ್ಲೇ ಕೊಟ್ಟುಬಿಟ್ಟಳು. ಅವಳಿಗೆ ಹದಿನೈದೋ ಹದಿನಾರೋ. ನಮ್ಮತ್ತೆ ಆ ಲೋಟಾನ ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿಸಿದ್ರು."

"ಯಾರ ಕೈಲಿ?"

"ನನ್ನ ಕೈಲೇ. ಹೊಸ ಸೊಸೆ ನಾನು, ಬೇರೆ ಯಾರ ಕೈಲಿ ತಿಕ್ಕಿಸ್ತಾರೆ."

ಇಲ್ಲಿ ನಾನು ಏನೂ ಹೇಳಲಿಲ್ಲ, ಹೇಳದೇ ಇದ್ದದ್ದೇ ಸರಿಯಾಯಿತು. ಆ ಒಂದು ಲೋಟದಲ್ಲಿ ಜಾತಿಯೂ ಇತ್ತು, ಸೊಸೆಯ ಪಾಡೂ ಇತ್ತು. ನಾನು ಬಾಯಿ ಹಾಕಿದ್ದರೆ ಎರಡರಲ್ಲಿ ಒಂದನ್ನು ಪಾಠ ಮಾಡಿಬಿಡುತ್ತಿದ್ದೆ. ಈ ಪ್ರಶ್ನೆ ಕೆಲಸ ಮಾಡುವುದಕ್ಕೆ ಕಾರಣವಿದೆ. ಯಾವ ಕಾಲದಲ್ಲೂ ಬೇಡ ಅಂದವರು ಇರುತ್ತಾರೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಆದ ಮದುವೆ ಸಂಬಂಧದ ಕಥೆಯನ್ನು ನಮ್ಮ ಹಿರಿಯರೇ ನಮಗೆ ಹೇಳಿದ್ದು. ಹಾಗಿರುವಾಗ "ಆಗ ಎಲ್ಲರೂ ಹಾಗೇ" ಅನ್ನುವುದು ನಿಜವಲ್ಲ ಅಂತ ಅವರಿಗೂ ಒಳಗೊಳಗೆ ಗೊತ್ತಿರುತ್ತದೆ.

ಹೆಜ್ಜೆ 5: ಮೀಸಲಾತಿಯ ಮಾತು ಬಂದರೆ ಲೆಕ್ಕ ಕೈಯಲ್ಲಿರಲಿ

ಇದೊಂದು ವಿಷಯದಲ್ಲಿ ನೆನಪು ಮಾತ್ರ ಸಾಲದು, ಯಾಕೆಂದರೆ ತಲೆಮಾರುಗಳಿಂದ ಕೆಲವು ತಪ್ಪು ಮಾತುಗಳು ಓಡಾಡುತ್ತಿವೆ.

ಮೊದಲನೆಯದು, "ಹತ್ತು ವರ್ಷಕ್ಕೆ ಅಂತ ತಂದದ್ದು, ಇನ್ನೂ ನಡೀತಿದೆ". ಹತ್ತು ವರ್ಷದ ಗಡುವು ಇದ್ದದ್ದು ಸಂವಿಧಾನದ 334ನೇ ವಿಧಿಯಲ್ಲಿ. ಅದು ಲೋಕಸಭೆ ಮತ್ತು ವಿಧಾನಸಭೆಯ ಮೀಸಲು ಸ್ಥಾನಗಳಿಗೆ ಸಂಬಂಧಿಸಿದ್ದು. ಅದನ್ನೇ ಪ್ರತಿ ಹತ್ತು ವರ್ಷಕ್ಕೆ ಮುಂದುವರಿಸುತ್ತಾ ಬಂದಿದ್ದಾರೆ, ಕೊನೆಯ ಸಲ 2030ರವರೆಗೆ. ಸರ್ಕಾರಿ ನೌಕರಿಯ ಮೀಸಲಾತಿಗೆ ಆಧಾರವಾದ 16(4), ಶಿಕ್ಷಣಕ್ಕೆ ಆಧಾರವಾದ 15(4), ಇವೆರಡಕ್ಕೂ ಅಂಥ ಗಡುವು ಯಾವತ್ತೂ ಇರಲಿಲ್ಲ. 15(4) ಸೇರಿದ್ದೇ 1951ರ ಮೊದಲ ತಿದ್ದುಪಡಿಯಲ್ಲಿ.

ಎರಡನೆಯದು, "ಸ್ವಾತಂತ್ರ್ಯ ಬಂದ ಮೇಲೆ ಓಟಿಗೋಸ್ಕರ ಶುರುವಾಯಿತು". ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಸಂಸ್ಥಾನದ ಹುದ್ದೆಗಳಲ್ಲಿ ಅರ್ಧ ಹಿಂದುಳಿದವರಿಗೆ ಮೀಸಲಿಟ್ಟದ್ದು 1902ರಲ್ಲಿ. ನಮ್ಮ ಮೈಸೂರಿನಲ್ಲಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೂ ಪಾಲು ಸಿಗುವುದು ಹೇಗೆ ಅಂತ ನೋಡಲು ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದ್ದು 1918ರಲ್ಲಿ. ಆ ಸಮಿತಿಯ ಕಣ್ಣಿನಲ್ಲಿ ಹಿಂದುಳಿದವರು ಅಂದರೆ ಹೆಚ್ಚುಕಡಿಮೆ ಬ್ರಾಹ್ಮಣರನ್ನು ಬಿಟ್ಟು ಉಳಿದ ಎಲ್ಲರೂ. ಅಂದರೆ ಇವತ್ತು "ನಮಗೇನೂ ಸಿಗಲಿಲ್ಲ" ಅನ್ನುವ ಎಷ್ಟೋ ಮನೆಗಳಲ್ಲಿ ಶೇಕ್ದಾರರಾಗಿದ್ದ, ಅಂದರೆ ಕಂದಾಯದ ಅಧಿಕಾರಿಯಾಗಿದ್ದ ಮುತ್ತಾತನ ಫೋಟೋ ತೂಗುಹಾಕಿರಬಹುದು, ಯಾವ ದಾರಿಯಲ್ಲಿ ಶೇಕ್ದಾರರಾದರು ಅಂತ ಯಾರೂ ವಿಚಾರಿಸಿರುವುದಿಲ್ಲ.

ಮೂರನೆಯದು, "ಬಡವರಿಗೆ ಕೊಡಲಿ, ಜಾತಿಗೆ ಯಾಕೆ". ಇದು ಮೇಲಿನೆರಡರ ಹಾಗೆ ತಪ್ಪು ಮಾತಲ್ಲ, ನಿಜವಾದ ವಾದ, ಗೇಲಿ ಮಾಡಬೇಡಿ. 2019ರ 103ನೇ ತಿದ್ದುಪಡಿ ಇತರ ಮೀಸಲಾತಿಗಳ ಒಳಗೆ ಬರದ, ಆರ್ಥಿಕವಾಗಿ ಹಿಂದುಳಿದವರಿಗೆ ಶೇ. 10ರವರೆಗೆ ಮೀಸಲಾತಿಗೆ ದಾರಿ ಮಾಡಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು ಮೂವರು ಒಪ್ಪಿ, ಇಬ್ಬರು ಒಪ್ಪದೆ. ನ್ಯಾಯಮೂರ್ತಿಗಳೇ ಒಂದಾಗದ ವಿಷಯವನ್ನು ಜಗಲಿಯ ಮೇಲೆ ಅರ್ಧ ಗಂಟೆಯಲ್ಲಿ ಮುಗಿಸುವ ಹಟ ನಮಗೂ ಬೇಡ.

ಇವನ್ನು ಚಾವಟಿಯ ಹಾಗೆ ಬೀಸಿದರೆ ನಾನು ಗೃಹಪ್ರವೇಶದಲ್ಲಿ ಮಾಡಿದ್ದೇ ಮತ್ತೆ ಆಗುತ್ತದೆ. ಒಂದನ್ನು ಮಾತ್ರ ತೆಗೆಯಿರಿ, "ನಾನೂ ಹಾಗೇ ಅಂದುಕೊಂಡಿದ್ದೆ ದೊಡ್ಡಪ್ಪ, ಆಮೇಲೆ ನೋಡಿದರೆ ಬೇರೆ ಇತ್ತು" ಅನ್ನಿ. ನನ್ನ ಮಟ್ಟಿಗೆ ಅದು ಸುಳ್ಳೂ ಅಲ್ಲ. ಹತ್ತು ವರ್ಷದ ಕಥೆಯನ್ನು ಹೈಸ್ಕೂಲಿನ ಚರ್ಚಾಸ್ಪರ್ಧೆಯಲ್ಲಿ ನಾನೇ ಹೇಳಿ ಬಹುಮಾನವಾಗಿ ಸ್ಟೀಲ್ ತಟ್ಟೆ ತಂದಿದ್ದೆ.

ಹೆಜ್ಜೆ 6: ಪಾಲಿನ ಮಾತಿಗೆ ಬೇರೆ ಎಚ್ಚರ

ಜಾತಿಯ ಮಾತಿನಲ್ಲಿ ಮರ್ಯಾದೆ ಅಡ್ಡ ಬರುತ್ತದೆ. ಹೆಣ್ಣುಮಕ್ಕಳ ಪಾಲಿನ ಮಾತಿನಲ್ಲಿ ಪಹಣಿಯೇ ಅಡ್ಡ ಬರುತ್ತದೆ. ಹಾಗಾಗಿ ಕಾನೂನನ್ನು ಸರಿಯಾಗಿ ತಿಳಿದುಕೊಂಡೇ ಹೋಗಿ. ಹಿಂದೂ ಕುಟುಂಬಗಳ ಮಟ್ಟಿಗೆ ಹೇಳುವುದಾದರೆ, 1994ರ ಕರ್ನಾಟಕದ ತಿದ್ದುಪಡಿ ಅದಕ್ಕೂ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ತಂದೆ ಬದುಕಿರಬೇಕಿತ್ತೇ ಅನ್ನುವ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಬಗೆಹರಿಸಿತು: ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಭಾಗವಾಗಿದ್ದರೆ ಅದನ್ನು ಕೆದಕುವಂತಿಲ್ಲ. ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿಯನ್ನು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು.

ಮನೆಯಲ್ಲಿ ಕೇಳಿಸುವ ಮಾತು ಬೇರೆ: "ಅವಳಿಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದ್ದೀವಲ್ಲ", "ಮದುವೆಗೆ ಖರ್ಚು ಮಾಡಲಿಲ್ವಾ", "ನಮ್ಮ ಹುಡುಗಿ ಬೇಕು ಅನ್ನಲ್ಲ ಬಿಡು". ಈ ಕೊನೆಯದನ್ನು ಹೇಳುವವರು ಯಾವತ್ತೂ ಆ ಹುಡುಗಿಯಲ್ಲ.

ಅತ್ತೆಯಂದಿರನ್ನು ಒಬ್ಬೊಬ್ಬರನ್ನೇ ಕೇಳಿ. 2006ರಲ್ಲಿ ನಮ್ಮ ಮನೆ ಭಾಗವಾದಾಗ ಅಪ್ಪನ ತಂಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದರು. "ನಿಮಗೆ ಪಾಲು ಬೇಕಿತ್ತಾ ಅತ್ತೆ?" ಅಂತ ಕೇಳಿದ್ದರೆ "ಬೇಡಪ್ಪ, ತವರು ತಣ್ಣಗಿರಲಿ" ಅನ್ನುತ್ತಿದ್ದರು. ನಾನು ಕೇಳಿದ್ದು ಆ ದಿನ ಏನೇನಾಯಿತು ಅಂತ. ಹಸಿರು ಸೀರೆ ಉಟ್ಟಿದ್ದರಂತೆ. ಸಬ್‌ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದರಂತೆ. ಪತ್ರ ಯಾರೂ ಓದಿ ಹೇಳಲಿಲ್ಲವಂತೆ. "ಆಮೇಲೆ ನಿಮ್ಮಪ್ಪ ಮಸಾಲೆದೋಸೆ ಕೊಡಿಸಿದ. ಎರಡು ತಿಂದೆ" ಅಂತ ನಕ್ಕರು. ಅದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಪೇಪರ್ ಓದುತ್ತಿದ್ದವರು ಆ ಪುಟ ತಿರುಗಿಸಲು ತುಂಬಾ ಹೊತ್ತು ತೆಗೆದುಕೊಂಡರು.

ಒಂದು ಕಿವಿಮಾತು. ನಿಮ್ಮ ಮನೆಯಲ್ಲಿ ಭಾಗದ ಮಾತು ಈಗಲೇ ನಡೆಯುತ್ತಿದ್ದರೆ ಈ ನೆನಪಿನ ದಾರಿ ಸಾಕಾಗುವುದಿಲ್ಲ. ಸಹಿಗೆ ಮೊದಲು ಪತ್ರವನ್ನು ಪೂರ್ತಿ ಓದಿಸಿ, ಹೊರಗಿನ ಒಬ್ಬ ವಕೀಲರಿಗೆ ತೋರಿಸಿ.

ಹೆಜ್ಜೆ 7: ಹಿರಿಯರು ನೋವುಂಡ ಕಡೆಯವರಾಗಿದ್ದರೆ

ಇಲ್ಲಿಯವರೆಗೆ ಬರೆದದ್ದು ಲೋಟ ಇಟ್ಟ ಮನೆಯವರಿಗೆ. ಆ ಲೋಟದಲ್ಲಿ ಕುಡಿದವರ ಮೊಮ್ಮಕ್ಕಳೂ ಇದನ್ನು ಓದುತ್ತಿರಬಹುದು. ಅವರ ಮನೆಯ ಮೌನದ ಕಾರಣವೇ ಬೇರೆ.

ನನ್ನ ಗೆಳೆಯನೊಬ್ಬ ಹೇಳಿದ್ದು. ಅವನ ಅಜ್ಜ ಊರಿನೊಳಗೆ ನಡೆಯುವಾಗ ಅರಳಿಕಟ್ಟೆ ಬಂದ ಕೂಡಲೇ ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಳ್ಳುತ್ತಿದ್ದರು, ಬೀದಿ ದಾಟಿದ ಮೇಲೆ ಹಾಕಿಕೊಳ್ಳುತ್ತಿದ್ದರು. ಬಿಚ್ಚಲೇಬೇಕು ಅನ್ನುವ ಕಾಲ ಹೋಗಿ ಎಷ್ಟೋ ವರ್ಷವಾಗಿತ್ತು, ಕಾಲಿಗೆ ಅಭ್ಯಾಸ ಉಳಿದಿತ್ತು. ಹತ್ತು ವರ್ಷದವನಿದ್ದಾಗ ನೋಡಿದ್ದ. ಕೇಳಿದ್ದು ಮೂವತ್ತಕ್ಕೆ. ಅಜ್ಜ ಹೇಳಿದ್ದು ಇಷ್ಟೇ: "ನಿಮ್ಮಪ್ಪನಿಗೆ ಹೇಳಿದ್ದರೆ ಅವನು ಸ್ಕೂಲಿಗೆ ತಲೆ ಎತ್ತಿಕೊಂಡು ಹೋಗುತ್ತಿದ್ದನಾ?"

ಮಕ್ಕಳ ಬೆನ್ನು ಬಾಗದಿರಲಿ ಅಂತ ಬಾಯಿ ಮುಚ್ಚಿಕೊಂಡವರ ಹತ್ತಿರ ಅವಮಾನದ ಪ್ರಶ್ನೆಯಿಂದ ಶುರು ಮಾಡಬೇಡಿ. ಹಾಸ್ಟೆಲ್ಲಿನ ದಿನಗಳನ್ನು ಕೇಳಿ, ಮೊದಲ ಸಂಬಳ ಕೇಳಿ, ಅಕ್ಷರ ಕಲಿಸಿದ ಮೇಷ್ಟ್ರ ಬಗ್ಗೆ ಕೇಳಿ. ಎಪ್ಪತ್ತು, ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಜಾಥಾಗಳಿಗೆ ಹೋಗಿದ್ದರೇ, ಯಾವ ಹಾಡು ಹಾಡುತ್ತಿದ್ದರು ಅಂತ ಕೇಳಿ. ಎದ್ದು ನಿಂತ ಕಥೆ ಮೊದಲು ಬಂದರೆ ಬಿದ್ದ ಕಥೆ ಅದರ ಹಿಂದೆ ತಾನಾಗಿ ಬರುತ್ತದೆ, ಬರದಿದ್ದರೂ ಸರಿ. ಮೊಬೈಲ್ ರೆಕಾರ್ಡರ್ ಮೊದಲ ದಿನವೇ ಹೊರತೆಗೆಯಬೇಡಿ. ಕೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಎಲ್ಲೂ ಹಾಕಬೇಡಿ, ಅದು ಅವರ ಕಥೆ.

ಹೆಜ್ಜೆ 8: ಬಿಸಿ ಏರಿದರೆ

ನಿಲ್ಲಿಸಿ. "ಇನ್ನೊಂದು ದಿನ ಮಾತಾಡೋಣ ತಾತ" ಅಂತ ಹೇಳಿಯೇ ನಿಲ್ಲಿಸಿ, ಮುಖ ತಿರುಗಿಸಿಕೊಂಡು ಹೋಗಬೇಡಿ. ಆದರೆ ಅವರು ಮನೆಯಲ್ಲಿ ಕೆಲಸ ಮಾಡುವವರ ಎದುರು, ಅಥವಾ ಸೊಸೆಯಾಗಿ ಬಂದ ಬೇರೆ ಜಾತಿಯ ಹುಡುಗಿಯ ಎದುರು ಚುಚ್ಚಿ ಮಾತಾಡಿದರೆ ಇನ್ನೊಂದು ದಿನ ಅನ್ನುವುದು ಹೇಡಿತನ. ಅಲ್ಲೇ, ದನಿ ಏರಿಸದೆ, "ಹಾಗನ್ನಬೇಡಿ" ಅನ್ನಿ. ನೆನಪು, ಪ್ರಶ್ನೆ ಎಲ್ಲ ಆಮೇಲೆ.

ಹಿರಿಯರು ಇದನ್ನು ಓದುತ್ತಿದ್ದರೆ

"ಈಗ ಎಲ್ಲಿದೆ ಜಾತಿ?" ಅಂತ ನೀವು ಪ್ರಾಮಾಣಿಕವಾಗಿಯೇ ಕೇಳುತ್ತೀರಿ. ಒಂದು ಭಾನುವಾರ ಮೊಮ್ಮಗಳ ಜೊತೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಲು ಹೋಗಿ ಬನ್ನಿ. "ನೀವು ಯಾವ ಜನ?" ಅಂತ ಈಗ ಎಲ್ಲರೂ ನೇರವಾಗಿ ಕೇಳುವುದಿಲ್ಲ, "ವೆಜ್ಜಾ?" ಅನ್ನುತ್ತಾರೆ. ಪ್ರಶ್ನೆ ಅದೇ.

ಹುಡುಗರ ಬಾಯಲ್ಲಿ ಬರುವ ಕೆಲವು ವಿಷಯ ನಿಮಗೆ ಹೊಸದು. ಇಬ್ಬರು ವಯಸ್ಕರು ಒಪ್ಪಿ ಕೂಡಿದರೆ, ಗಂಡು ಗಂಡಾಗಲಿ ಹೆಣ್ಣು ಹೆಣ್ಣಾಗಲಿ, ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಕರ್ನಾಟಕ ಶೇ. 1 ಮೀಸಲಿಟ್ಟದ್ದು 2021ರಲ್ಲಿ. ಇವುಗಳ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಮೊಮ್ಮಗನನ್ನು "ನಿನ್ನ ಕ್ಲಾಸಿನಲ್ಲಿ ಅಂಥವರು ಇದ್ದಾರೇನೋ, ಅವರ ಜೊತೆ ಹುಡುಗರು ಹೇಗೆ ನಡಕೋತಾರೆ" ಅಂತ ಕೇಳಿ ನೋಡಿ. ಅವನು ಮೊಬೈಲ್ ಕೆಳಗಿಡುವ ಸಾಧ್ಯತೆ ಇದೆ.

ದೊಡ್ಡಪ್ಪನ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಫಾರಂ ನಂಬರ್ 7ರ ಕಥೆ ಹೇಳಿ ಮುಗಿಸಿದ ಮೇಲೆ, ಗದ್ದೆಯ ಬದುವಿನ ಮೇಲೆ ಕೂತಿದ್ದಾಗ, ಮೆಲ್ಲಗೆ ಕೇಳಿದೆ: "ಒಡೆಯರ ಮನೆಯ ಹುಡುಗರೂ ಆಗ 'ನಾವು ಎಲ್ಲಿಗೆ ಹೋಗಬೇಕು' ಅಂದಿರಬೇಕಲ್ವಾ ದೊಡ್ಡಪ್ಪ?" ಅವರು ಕಾಲಿಗೆ ಹತ್ತಿದ್ದ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಾ "ಅದು ಬೇರೆ" ಅಂದರು. ಹೇಗೆ ಬೇರೆ ಅಂತ ಇನ್ನೂ ಹೇಳಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಕೇಳಬೇಕು, ಊಟ ಆದ ಮೇಲೆ.